ನೀಲಿ ಕಾಗದ

1945ರಲ್ಲಿ ಯುದ್ಧ ಮುಗಿಸಿ ಊರಿಗೆ ಮರಳಿದ ಅಮೆರಿಕದ ಪ್ರತಿ ಸೈನಿಕನ ಜೇಬಿನಲ್ಲೂ ಸೇನೆ ಕೊಟ್ಟ ಒಂದು ಕಾಗದ ಇರುತ್ತಿತ್ತು. ಕೆಲಸ ಕೇಳಿಕೊಂಡು ಹೋದರೆ ಮಾಲೀಕ ಮೊದಲು ಅದನ್ನೇ ಕೇಳುತ್ತಿದ್ದ. ಸರ್ಕಾರದ ದುಡ್ಡಿನಲ್ಲಿ ಕಾಲೇಜು ಓದಬೇಕೆಂದರೂ, ಮನೆ ಸಾಲ ಬೇಕೆಂದರೂ, ಯುದ್ಧದಲ್ಲಿ ಆದ ಗಾಯಕ್ಕೆ ಚಿಕಿತ್ಸೆ ಬೇಕೆಂದರೂ ಅದನ್ನೇ ತೋರಿಸಬೇಕಿತ್ತು. ಹೆಚ್ಚಿನವರ ಕಾಗದದಲ್ಲಿ ‘ಗೌರವಪೂರ್ವಕ ಬಿಡುಗಡೆ’ ಎಂದು ಬರೆದಿರುತ್ತಿತ್ತು. ಕೋರ್ಟ್ ಮಾರ್ಷಲ್ ಆಗಿ ಹೊರಬಿದ್ದವರದು ‘ಅಗೌರವದ ಬಿಡುಗಡೆ’. ಇವೆರಡೂ ಅಲ್ಲದ ಮೂರನೆಯದೊಂದಿತ್ತು. ಅದರಲ್ಲಿ ಗೌರವ ಎಂದೂ ಇಲ್ಲ, ಅಗೌರವ ಎಂದೂ ಇಲ್ಲ. ಅದನ್ನು ಅಚ್ಚು ಹಾಕುತ್ತಿದ್ದದ್ದು ನೀಲಿ ಬಣ್ಣದ ಕಾಗದದ ಮೇಲೆ. ಬಣ್ಣ ನೋಡಿದ ಕೂಡಲೇ ಎದುರಿನವನಿಗೆ ಅರ್ಥವಾಗುತ್ತಿತ್ತು. ಏನು ಅರ್ಥವಾಗುತ್ತಿತ್ತು ಎಂಬುದನ್ನು ಕಾಗದ ಹೇಳುತ್ತಿರಲಿಲ್ಲ. ಊಹಿಸುವ ಕೆಲಸವನ್ನು ಓದುವವನಿಗೇ ಬಿಟ್ಟಿತ್ತು.

1941ರ ಡಿಸೆಂಬರ್‌ನಿಂದ 1945ರ ಜೂನ್‌ವರೆಗೆ ಅಮೆರಿಕದ ಭೂಸೇನೆ ಇಂಥ 48,603 ನೀಲಿ ಕಾಗದಗಳನ್ನು ಹಂಚಿತು. ಸೇನೆಗೆ ಬೇಡವಾದ ಯಾರಿಗಾದರೂ ಅದನ್ನು ಕೊಡಬಹುದಿತ್ತು. ಕುಡುಕರಿಗೆ ಕೊಟ್ಟರು, ಹಾಸಿಗೆ ಒದ್ದೆ ಮಾಡಿಕೊಳ್ಳುವವರಿಗೆ ಕೊಟ್ಟರು, ಎದುರು ಮಾತಾಡಿದವರಿಗೂ ಕೊಟ್ಟರು. ಆದರೆ ಎರಡು ಗುಂಪಿನವರಿಗೆ ಅದು ಲೆಕ್ಕ ಮೀರಿ ಸಿಕ್ಕಿತು. ಒಂದು, ಕಪ್ಪು ಜನ: ಸೇನೆಯಲ್ಲಿ ಅವರಿದ್ದದ್ದು ಶೇ 6.5, ನೀಲಿ ಕಾಗದ ಪಡೆದವರಲ್ಲಿ ಶೇ 22. ಇನ್ನೊಂದು, ಸಲಿಂಗಿಗಳು ಎಂದು ಗುರುತಿಸಲ್ಪಟ್ಟವರು. ಇವರು ಭೂಸೇನೆಯಲ್ಲಿ ಸುಮಾರು 5,000, ನೌಕಾಪಡೆಯಲ್ಲಿ ಸುಮಾರು 4,000 ಮಂದಿ ಎಂಬುದು ಇತಿಹಾಸಕಾರರ ಅಂದಾಜು. ಗುರುತಿಸಿದ ಮೇಲೆ ವಿಚಾರಣೆ, ಸಾಕ್ಷಿ, ವಕೀಲ ಯಾವುದರ ಗೊಡವೆಯೂ ಇಲ್ಲ. ಅಧಿಕಾರಿಗಳ ಒಂದು ಮಂಡಳಿ, ಮನೋವೈದ್ಯರ ಒಂದು ಚೀಟಿ, ಆಮೇಲೆ ರೈಲಿನ ಟಿಕೆಟ್.

ಕೋರ್ಟ್ ಮಾರ್ಷಲ್ ಬಿಟ್ಟು ಕಾಗದ ಕೊಟ್ಟು ಕಳಿಸುವ ಈ ಪದ್ಧತಿಯನ್ನು ಆಗಿನ ಕೆಲವರು ಸುಧಾರಣೆ ಎಂದೇ ತಿಳಿದಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1778ರ ಮಾರ್ಚ್‌ನಲ್ಲಿ ವ್ಯಾಲಿ ಫೋರ್ಜ್‌ನ ಚಳಿಗಾಲದ ಶಿಬಿರದಲ್ಲಿ ಜಾರ್ಜ್ ವಾಷಿಂಗ್ಟನ್ ಸೇನೆಯ ಲೆಫ್ಟಿನೆಂಟ್ ಎನ್ಸ್‌ಲಿನ್ ಎಂಬಾತನನ್ನು, ಒಬ್ಬ ಸೈನಿಕನೊಂದಿಗೆ ಲೈಂಗಿಕ ಸಂಪರ್ಕಕ್ಕೆ ಪ್ರಯತ್ನಿಸಿದನೆಂದು ಕೋರ್ಟ್ ಮಾರ್ಷಲ್ ಮಾಡಿದರು. ಸೇನೆಯ ಎಲ್ಲ ಡೋಲಿನವರನ್ನೂ ಕೊಳಲಿನವರನ್ನೂ ಒಟ್ಟು ಸೇರಿಸಿ, ಅವರ ವಾದ್ಯದ ಅಬ್ಬರದ ನಡುವೆ ಆತನನ್ನು ಶಿಬಿರದಿಂದ ಹೊರಗೆ ನಡೆಸಿದರು. ಮತ್ತೆ ಕಾಲಿಡಬಾರದೆಂದು ಆಜ್ಞೆಯಾಯಿತು. ಸೋಜಿಗವೆಂದರೆ, ಇದಕ್ಕೆ ಮೂರೇ ವಾರ ಮುಂಚೆ ಅದೇ ಶಿಬಿರಕ್ಕೆ ಪ್ರಷ್ಯಾದ ಬ್ಯಾರನ್ ಫಾನ್ ಸ್ಟೋಯ್ಬೆನ್ ಬಂದಿಳಿದಿದ್ದ. ಹರಕು ಬಟ್ಟೆಯ ಆ ಗುಂಪಿಗೆ ಕವಾಯತು ಕಲಿಸಿ ನಿಜವಾದ ಸೇನೆ ಮಾಡಿದವನು ಆತನೇ. ಸಲಿಂಗ ಸಂಬಂಧದ ಗುಸುಗುಸು ಆತನ ಬೆನ್ನಿಗೂ ಯುರೋಪಿನಿಂದಲೇ ಅಂಟಿಕೊಂಡು ಬಂದಿತ್ತು. ಅದರಲ್ಲಿ ಎಷ್ಟು ನಿಜ ಎಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಾರೆ. ವಾಷಿಂಗ್ಟನ್‌ಗಂತೂ ಆಗ ಆತನ ಕವಾಯತು ಬೇಕಿತ್ತು.

ಮುಂದಿನ ನೂರೈವತ್ತು ವರ್ಷ ಅಮೆರಿಕದ ಸೇನೆ ಶಿಕ್ಷಿಸಲು ನೋಡಿದ್ದು ಕೃತ್ಯವನ್ನು, ಮನುಷ್ಯನ ಸ್ವಭಾವವನ್ನಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಮನೋವೈದ್ಯರು ಸೇನೆಯ ಬಾಗಿಲಿಗೆ ಬಂದರು. ಇದು ಅಪರಾಧವಲ್ಲ, ಕಾಯಿಲೆ. ಇವರನ್ನು ಜೈಲಿಗೆ ತಳ್ಳುವುದರ ಬದಲು ಮನೆಗೆ ಕಳಿಸಿ ಎಂದು ಅವರಲ್ಲಿ ಹಲವರು ಸದುದ್ದೇಶದಿಂದಲೇ ವಾದಿಸಿದರು. ಸೇನೆಗೂ ಇದು ಅನುಕೂಲವಾಗಿತ್ತು. ಕೋರ್ಟ್ ಮಾರ್ಷಲ್ ಎಂದರೆ ಸಮಯ, ಸಾಕ್ಷಿ, ಜೈಲಿನ ಖರ್ಚು, ಕಾಗದ ಅಗ್ಗ. ಆದರೆ ಅಪರಾಧಕ್ಕೆ ಸಾಕ್ಷಿ ಬೇಕು, ಕಾಯಿಲೆಗೆ ವೈದ್ಯನ ಅನುಮಾನ ಸಾಕು. ಹಾಗಾಗಿ ಏನೂ ಮಾಡದವರೂ ಬಲೆಗೆ ಬಿದ್ದರು. ಒಬ್ಬನ ನಡಿಗೆ, ಒಬ್ಬಳ ಕೂದಲು, ಯಾರದೋ ಕೈಗೆ ಸಿಕ್ಕ ಒಂದು ಪತ್ರ, ಇಷ್ಟಿದ್ದರೆ ನಡೆಯಿತು. ‘ಪ್ರವೃತ್ತಿ’ ಎಂಬ ಶಬ್ದ ಸೇನೆಯ ನಿಯಮಗಳಲ್ಲಿ ಬೇರುಬಿಟ್ಟದ್ದು ಆಗಲೇ.

ಸೇನೆ ಬಿಟ್ಟು ಬಂದವರಿಗೆ ಓದು, ಸಾಲ, ನಿರುದ್ಯೋಗ ಭತ್ಯೆ ಕೊಡುವ ‘ಜಿಐ ಬಿಲ್’ ಕಾಯಿದೆ 1944ರ ಜೂನ್‌ನಲ್ಲಿ ಬಂತು. ಯುದ್ಧಾನಂತರದ ಅಮೆರಿಕದ ಮಧ್ಯಮ ವರ್ಗ ಕಟ್ಟಿದ್ದೇ ಈ ಕಾಯಿದೆ ಎನ್ನುತ್ತಾರೆ. ಅಗೌರವದಿಂದ ಬಿಡುಗಡೆಯಾದವರನ್ನು ಬಿಟ್ಟು ಉಳಿದ ಎಲ್ಲರಿಗೂ ಸೌಲಭ್ಯ ಸಿಗಬೇಕೆಂಬುದು ಕಾಯಿದೆಯ ಆಶಯ. ನೀಲಿ ಕಾಗದದವರು ‘ಉಳಿದವರ’ ಸಾಲಿನಲ್ಲೇ ಬರುತ್ತಿದ್ದರು. ಆದರೆ ಮಾಜಿ ಸೈನಿಕರ ಇಲಾಖೆ 1945ರಲ್ಲಿ ತನ್ನದೇ ಸೂಚನೆ ಹೊರಡಿಸಿ, ಸಲಿಂಗಿ ಎಂಬ ಕಾರಣಕ್ಕೆ ನೀಲಿ ಕಾಗದ ಪಡೆದವರನ್ನು ಅಗೌರವದವರ ಸಾಲಿಗೆ ತಳ್ಳಿತು. ಸಂಸತ್ತು ಬಾಗಿಲು ತೆರೆದಿಟ್ಟಿತ್ತು, ಒಳಗಿನ ಗುಮಾಸ್ತ ಚಿಲಕ ಹಾಕಿಕೊಂಡ.

ಇದರ ವಿರುದ್ಧ ಮೊದಲು ದನಿ ಎತ್ತಿದ್ದು ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಜನರ ಪತ್ರಿಕೆ. ಅದರ ಕಾಳಜಿ ಮುಖ್ಯವಾಗಿ ಕಪ್ಪು ಸೈನಿಕರದು. ಆದರೂ ಸಲಿಂಗಿಗಳಿಗಾಗುತ್ತಿದ್ದ ಅನ್ಯಾಯವನ್ನೂ ಅದು ಎತ್ತಿ ಹೇಳಿತು. ಆ ಕಾಲಕ್ಕೆ ಅದು ಅಪರೂಪದ ಧೈರ್ಯ. 1946ರ ಜನವರಿಯಲ್ಲಿ ಸಂಸತ್ತಿನ ಮಿಲಿಟರಿ ಸಮಿತಿಯೂ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತು. 1947ರ ಜುಲೈಯಲ್ಲಿ ನೀಲಿ ಕಾಗದ ರದ್ದಾಯಿತು. ಅದರ ಜಾಗದಲ್ಲಿ ‘ಸಾಮಾನ್ಯ’ ಮತ್ತು ‘ಅನಪೇಕ್ಷಿತ’ ಎಂಬ ಎರಡು ವರ್ಗ ಬಂದವು. ಸಲಿಂಗಿಗಳಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಎರಡನೆಯದು. ಬಣ್ಣ ಹೋಯಿತು, ಬರಹ ಬಂತು.

1950ರ ದಶಕದಲ್ಲಿ ಶೀತಲ ಸಮರದ ಭಯ ಸೇರಿಕೊಂಡಿತು. ಸಲಿಂಗಿಗಳನ್ನು ಶತ್ರುಗಳು ಬ್ಲ್ಯಾಕ್‌ಮೇಲ್ ಮಾಡಿ ರಹಸ್ಯ ಕಸಿಯಬಹುದು ಎಂಬುದು ಹೊಸ ವಾದ. 1957ರಲ್ಲಿ ನೌಕಾಪಡೆಯೇ ನೇಮಿಸಿದ ಕ್ರಿಟೆಂಡೆನ್ ಸಮಿತಿ ಇದನ್ನು ಪರಿಶೀಲಿಸಿ, ಸಲಿಂಗಿಗಳು ಉಳಿದವರಿಗಿಂತ ಹೆಚ್ಚು ಅಪಾಯಕಾರಿ ಎನ್ನಲು ಆಧಾರವಿಲ್ಲ ಎಂದು ಬರೆಯಿತು. ಆ ವರದಿ ಸುಮಾರು 20 ವರ್ಷ ಕಪಾಟಿನಲ್ಲಿತ್ತು. ಬ್ಲ್ಯಾಕ್‌ಮೇಲ್‌ಗೆ ಬೇಕಾದ ಭಯವನ್ನು ಹುಟ್ಟಿಸುತ್ತಿದ್ದದ್ದೇ ನಿಷೇಧ ಎಂಬ ಸರಳ ಮಾತು ಯಾರಿಗೂ ಹೊಳೆದಿರಲಿಲ್ಲ ಎಂದಲ್ಲ. ಹೇಳುವವರು ಬೇಕಿತ್ತು, ಅಷ್ಟೇ.

ಈ ಇಡೀ ಇತಿಹಾಸದಲ್ಲಿ ಪೆರಿ ವಾಟ್ಕಿನ್ಸ್ ಅವರ ಕತೆಯಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ. 1967ರಲ್ಲಿ, ವಿಯೆಟ್ನಾಂ ಯುದ್ಧದ ಕಾಲ, 19 ವರ್ಷದ ಈ ಕಪ್ಪು ಯುವಕನಿಗೆ ಕಡ್ಡಾಯ ಸೇನಾ ಸೇವೆಯ ಕರೆ ಬಂತು. ವೈದ್ಯಕೀಯ ತಪಾಸಣೆಯ ಅರ್ಜಿಯಲ್ಲಿ ‘ಸಲಿಂಗಕಾಮದ ಪ್ರವೃತ್ತಿ ಇದೆಯೇ?’ ಎಂಬ ಪ್ರಶ್ನೆ. ವಾಟ್ಕಿನ್ಸ್ ‘ಹೌದು’ ಎಂಬುದಕ್ಕೆ ಗುರುತು ಹಾಕಿದರು. ನಿಯಮದ ಪ್ರಕಾರ ಅಲ್ಲಿಗೇ ಮನೆಗೆ ಕಳಿಸಬೇಕಿತ್ತು. ಮನೋವೈದ್ಯ ಮಾತಾಡಿಸಿ ‘ಸೇವೆಗೆ ಅರ್ಹ’ ಎಂದು ಬರೆದ. ಯುದ್ಧಕ್ಕೆ ಜನ ಬೇಕಿತ್ತು.

1968ರಲ್ಲಿ ಸೇನೆಯ ತನಿಖಾಧಿಕಾರಿಗಳಿಗೆ ವಾಟ್ಕಿನ್ಸ್ ತಾವು ಸಲಿಂಗಿ ಎಂದು ಮತ್ತೆ ಬರೆದುಕೊಟ್ಟರು. ಸಾಕಷ್ಟು ಪುರಾವೆ ಇಲ್ಲವೆಂದು ಸೇನೆ ತನಿಖೆ ಕೈಬಿಟ್ಟಿತು. ವ್ಯಕ್ತಿ ತಾನೇ ಒಪ್ಪಿಕೊಂಡರೂ ಸೇನೆ ಒಪ್ಪದ ಪ್ರಸಂಗ ಇದು. ಅವಧಿ ಮುಗಿದಾಗಲೆಲ್ಲ ಮತ್ತೆ ಸೇರಿಸಿಕೊಂಡರು: 1970, 1974, 1979. ನಡುವೆ ಅವರು ‘ಸಿಮೋನ್’ ಎಂಬ ಹೆಸರಿನಲ್ಲಿ ಹೆಣ್ಣುವೇಷ ಹಾಕಿ ಸೇನಾ ನೆಲೆಗಳಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ಸೈನಿಕರು ಚಪ್ಪಾಳೆ ತಟ್ಟುತ್ತಿದ್ದರು, ಅಧಿಕಾರಿಗಳಿಗೂ ವಿಷಯ ಗೊತ್ತಿತ್ತು. 1975ರಲ್ಲಿ ಹೊರಹಾಕಲು ಒಂದು ಮಂಡಳಿ ಕೂತಿತು. ವಾಟ್ಕಿನ್ಸ್ ತಮ್ಮ ಅತ್ಯುತ್ತಮ ಗುಮಾಸ್ತ ಎಂದು ಅವರ ಮೇಲಧಿಕಾರಿಯೇ ಸಾಕ್ಷಿ ಹೇಳಿದರು. ಇವರಿಂದ ತುಕಡಿಯ ಕೆಲಸಕ್ಕಾಗಲಿ ಶಿಸ್ತಿಗಾಗಲಿ ಯಾವ ಧಕ್ಕೆಯೂ ಆಗಿಲ್ಲವೆಂದು ಮಂಡಳಿ ಒಮ್ಮತದಿಂದ ತೀರ್ಮಾನಿಸಿ ಉಳಿಸಿಕೊಂಡಿತು.

1980ರ ದಶಕಕ್ಕೆ ಗಾಳಿ ಬದಲಾಯಿತು. ವಿಯೆಟ್ನಾಂ ಮುಗಿದಿತ್ತು, ಕಡ್ಡಾಯ ಸೇವೆ ನಿಂತಿತ್ತು, ಜನಕ್ಕೆ ಬರವಿರಲಿಲ್ಲ. 1984ರಲ್ಲಿ, 16 ವರ್ಷ ಸೇವೆ ಮಾಡಿ, ಪಿಂಚಣಿಗೆ ಬೇಕಾದ 20 ವರ್ಷಕ್ಕೆ ನಾಲ್ಕೇ ವರ್ಷ ಬಾಕಿ ಇರುವಾಗ, 1967ರಿಂದಲೂ ಕಡತದಲ್ಲಿದ್ದ ಅದೇ ‘ಹೌದು’ ಎಂಬ ಗುರುತಿನ ಕಾರಣಕ್ಕೆ ವಾಟ್ಕಿನ್ಸ್ ಅವರನ್ನು ಹೊರಹಾಕಿದರು. 1989ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಸಲಿಂಗಿಗಳಿಗೂ ಸಮಾನ ಹಕ್ಕಿದೆ ಎಂದು ಆ ತೀರ್ಪು ಹೇಳಲಿಲ್ಲ. ಗೊತ್ತಿದ್ದೂ ಇಷ್ಟು ವರ್ಷ ದುಡಿಸಿಕೊಂಡು ಈಗ ಗೊತ್ತಿರಲಿಲ್ಲ ಎನ್ನುವುದು ನ್ಯಾಯವಲ್ಲ ಎಂದಷ್ಟೇ ಹೇಳಿತು. ಸುಪ್ರೀಂ ಕೋರ್ಟು 1990ರಲ್ಲಿ ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ವಾಟ್ಕಿನ್ಸ್‌ಗೆ ಬಾಕಿ ವೇತನ, ಪಿಂಚಣಿ ಮತ್ತು ಗೌರವದ ಬಿಡುಗಡೆ ಪತ್ರ ಸಿಕ್ಕಿತು. 1996ರಲ್ಲಿ ತೀರಿಕೊಂಡರು.

ವಾಟ್ಕಿನ್ಸ್ ಅವರಿಗಿಂತ ಹೆಚ್ಚು ಹೆಸರಾದವರು ವಾಯುಪಡೆಯ ಸಾರ್ಜೆಂಟ್ ಲೆನರ್ಡ್ ಮ್ಯಾಟ್ಲೊವಿಚ್. ವಿಯೆಟ್ನಾಂನಲ್ಲಿ ಮೂರು ಅವಧಿ ಸೇವೆ, ನೆಲಬಾಂಬಿಗೆ ಸಿಕ್ಕಿ ಗಾಯ, ಬ್ರಾಂಜ್ ಸ್ಟಾರ್, ಪರ್ಪಲ್ ಹಾರ್ಟ್ ಪದಕಗಳು. ದಕ್ಷಿಣದ ಸಂಪ್ರದಾಯಸ್ಥ ಬಿಳಿ ಮನೆಯಲ್ಲಿ ಬೆಳೆದವರು. ಕಪ್ಪು-ಬಿಳಿ ಸೈನಿಕರ ನಡುವೆ ಸಾಮರಸ್ಯ ತರಲು ವಾಯುಪಡೆ ನಡೆಸುತ್ತಿದ್ದ ತರಗತಿಗಳಿಗೆ ಪಾಠ ಮಾಡುತ್ತ ಮಾಡುತ್ತ ತಮ್ಮ ಬಗ್ಗೆಯೇ ಯೋಚಿಸತೊಡಗಿದರು. 1975ರ ಮಾರ್ಚ್‌ನಲ್ಲಿ ವರ್ಜೀನಿಯಾದ ಲ್ಯಾಂಗ್ಲಿ ನೆಲೆಯಲ್ಲಿ ತಮ್ಮ ಕ್ಯಾಪ್ಟನ್ ಕೈಗೆ ಒಂದು ಪತ್ರ ಕೊಟ್ಟರು: ತಾನು ಸಲಿಂಗಿ, ಸೇವೆ ಮುಂದುವರಿಸಲು ಬಯಸುತ್ತೇನೆ. ಇದರರ್ಥವೇನೆಂದು ಕ್ಯಾಪ್ಟನ್ ಕೇಳಿದಾಗ, ಶಾಲೆಗಳಲ್ಲಿ ವರ್ಣಭೇದ ಕೊನೆಗೊಳಿಸಿದ 1954ರ ‘ಬ್ರೌನ್’ ಮೊಕದ್ದಮೆಯ ಹೆಸರು ಹೇಳಿದರಂತೆ. ಆ ಸೆಪ್ಟೆಂಬರ್‌ನಲ್ಲಿ ಸಮವಸ್ತ್ರದ ಅವರ ಚಿತ್ರ ‘ಟೈಮ್’ ಪತ್ರಿಕೆಯ ಮುಖಪುಟಕ್ಕೆ ಬಂತು.

ಇನ್ನು ಮುಂದೆ ಸಲಿಂಗ ಸಂಬಂಧ ಇಟ್ಟುಕೊಳ್ಳುವುದಿಲ್ಲವೆಂದು ಬರೆದುಕೊಡುತ್ತೀರಾ ಎಂದು ವಿಚಾರಣೆಯಲ್ಲಿ ಕೇಳಿದರು. ಮ್ಯಾಟ್ಲೊವಿಚ್ ಒಪ್ಪಲಿಲ್ಲ, ಸೇವೆ ಹೋಯಿತು. ಆಗಿನ ನಿಯಮದಲ್ಲಿ ‘ಅಸಾಧಾರಣ ಸಂದರ್ಭ’ಗಳಲ್ಲಿ ಸಲಿಂಗಿಯನ್ನೂ ಉಳಿಸಿಕೊಳ್ಳಲು ಅವಕಾಶವಿತ್ತು. ಆ ಸಂದರ್ಭ ಯಾವುದು, ಇಂಥ ಪದಕಗಳ ಸೈನಿಕ ಅದಕ್ಕೆ ಏಕೆ ಹೊಂದುವುದಿಲ್ಲ ಎಂದು ನ್ಯಾಯಾಲಯ ಕೇಳಿತು. ವಾಯುಪಡೆಯಿಂದ ಉತ್ತರ ಬರಲಿಲ್ಲ. 1980ರಲ್ಲಿ ಮರಳಿ ಸೇರಿಸಿಕೊಳ್ಳಲು ಆದೇಶವಾಯಿತು. ವಾಯುಪಡೆ 1,60,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇದರಿಂದ ರಕ್ಷಣಾ ಇಲಾಖೆ ಕಲಿತ ಪಾಠ ಮಾತ್ರ ಬೇರೆಯೇ. ವಿನಾಯಿತಿ ಇದ್ದರೆ ತಾನೆ ನ್ಯಾಯಾಧೀಶರು ಪ್ರಶ್ನೆ ಕೇಳುವುದು? 1981ರ ಜನವರಿಯಲ್ಲಿ ಹೊಸ ಆದೇಶ ಬಂತು: ಸಲಿಂಗಕಾಮಕ್ಕೂ ಸೇನಾ ಸೇವೆಗೂ ಹೊಂದಾಣಿಕೆಯೇ ಇಲ್ಲ. ಮುಂದಿನ ಒಂದು ದಶಕದಲ್ಲಿ ಸುಮಾರು 17,000 ಮಂದಿ ಹೊರಬಿದ್ದರು.

ಮ್ಯಾಟ್ಲೊವಿಚ್ 1988ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅವರ ಸಮಾಧಿ ವಾಷಿಂಗ್ಟನ್ನಿನ ಕಾಂಗ್ರೆಶನಲ್ ಸ್ಮಶಾನದಲ್ಲಿದೆ. ಎದ್ದು ನಿಂತ ಕಲ್ಲಿನ ಮೇಲೆ ಅವರ ಹೆಸರಿಲ್ಲ. ವಿಯೆಟ್ನಾಂನಲ್ಲಿ ಹೋರಾಡಿದ ಒಬ್ಬ ಸಲಿಂಗಿ ಸೈನಿಕ ಎಂದಷ್ಟೇ ಇದೆ. ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟ ಸೇನೆ ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಹಾಕಿತು ಎಂಬರ್ಥದ ಮಾತು ಅದರ ಕೆಳಗಿದೆ. ಅದೇ ಸಾಲಿನಲ್ಲಿ ಸ್ವಲ್ಪ ದೂರದಲ್ಲಿ, ಸಲಿಂಗಿಗಳ ಮೇಲೆ ಜೀವಮಾನವಿಡೀ ಗೂಢಚಾರರನ್ನು ಬಿಟ್ಟ ಎಫ್‌ಬಿಐ ಮುಖ್ಯಸ್ಥ ಎಡ್ಗರ್ ಹೂವರ್ ಮಲಗಿದ್ದಾರೆ.

1992ರ ಚುನಾವಣೆಯಲ್ಲಿ ನಿಷೇಧ ತೆಗೆಯುವ ಮಾತು ಕೊಟ್ಟು ಬಿಲ್ ಕ್ಲಿಂಟನ್ ಗೆದ್ದರು. ಸೇನಾ ಮುಖ್ಯಸ್ಥ ಕಾಲಿನ್ ಪವೆಲ್ ವಿರೋಧಿಸಿದರು. ಟ್ರೂಮನ್ 1948ರಲ್ಲಿ ಒಂದೇ ಆದೇಶದಿಂದ ಸೇನೆಯ ವರ್ಣಭೇದ ಕೊನೆಗಾಣಿಸಲು ಹೊರಟಿರಲಿಲ್ಲವೇ ಎಂದು ಕೆಲವರು ನೆನಪಿಸಿದಾಗ, ಚರ್ಮದ ಬಣ್ಣಕ್ಕೂ ಇದಕ್ಕೂ ಹೋಲಿಕೆ ಸಲ್ಲದು ಎಂದರು ಪವೆಲ್. ಸೇನೆಯ ಅತ್ಯುನ್ನತ ಹುದ್ದೆಗೇರಿದ ಮೊದಲ ಕಪ್ಪು ಅಧಿಕಾರಿ ಆಡಿದ ಮಾತಾದ್ದರಿಂದ ಅದಕ್ಕೆ ತೂಕ ಬಂತು. ಕೊನೆಗೆ ಹುಟ್ಟಿದ್ದು ‘ಡೋಂಟ್ ಆಸ್ಕ್, ಡೋಂಟ್ ಟೆಲ್’: ನಾವು ಕೇಳುವುದಿಲ್ಲ, ನೀವು ಹೇಳಬೇಡಿ. 1993ರ ನವೆಂಬರ್ 30ರಂದು ಕಾನೂನಿಗೆ ಸಹಿ ಬಿತ್ತು.

ಹೇಳದಿರುವುದು ಸುಲಭವೆಂದು ಸೇನೆಯ ಹೊರಗಿನವರಿಗೆ ಅನ್ನಿಸೀತು. ಬ್ಯಾರಕ್ಕಿನಲ್ಲಿ ಎಲ್ಲರೂ ಹೆಂಡತಿಯ ಫೋಟೊ ಅಂಟಿಸಿಕೊಂಡಿರುವಾಗ ತನ್ನ ಗೋಡೆ ಬರಿದಾಗಿರಬೇಕು. ಭಾನುವಾರ ಏನು ಮಾಡಿದೆ ಎಂದರೆ ಸುಳ್ಳು ಹೇಳಬೇಕು. ಯುದ್ಧಕ್ಕೆ ಹೊರಟಾಗ ವಿಮಾನದ ಬಳಿ ಬೀಳ್ಕೊಡಲು ತನ್ನವರು ಬರುವಂತಿಲ್ಲ. ಸತ್ತರೆ ಮೊದಲು ಸುದ್ದಿ ಮುಟ್ಟಬೇಕಾದ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಗೆಳೆಯನಿಗೆ ಅಥವಾ ಮನೋವೈದ್ಯರಿಗೆ ಗುಟ್ಟಾಗಿ ಹೇಳಿದ ಮಾತೂ ‘ಹೇಳಿದ್ದು’ ಎಂದೇ ಲೆಕ್ಕವಾಗಬಹುದಿತ್ತು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಪಡೆಗಳಲ್ಲಿ ಅವರು ಸುಮಾರು ಶೇ 15. ಈ ಕಾನೂನಿನಡಿ ಹೊರಬಿದ್ದವರಲ್ಲಿ ಸುಮಾರು ಶೇ 30. ಮೇಲಿನವನ ಬಯಕೆಗೆ ಒಲ್ಲೆ ಎಂದವಳ ಮೇಲೆ ಲೆಸ್ಬಿಯನ್ ಎಂಬ ಹಣೆಪಟ್ಟಿ ಹಚ್ಚುವುದು ಸುಲಭವಿತ್ತು. ಅಲ್ಲವೆಂದು ಸಾಬೀತು ಮಾಡುವ ದಾರಿ ಇರಲಿಲ್ಲ. ಗಂಡು-ಹೆಣ್ಣು ಇಬ್ಬರನ್ನೂ ಪ್ರೀತಿಸಬಲ್ಲವರನ್ನು ಈ ಕಾನೂನು ಹೆಸರಿಸಿ ಸಲಿಂಗಿಗಳ ಪಕ್ಕದಲ್ಲೇ ಕೂರಿಸಿತು. ಅವರು ಅರ್ಧ ಸತ್ಯ ಹೇಳಿದರೂ ಪೂರ್ತಿ ಶಿಕ್ಷೆಯೇ.

ಅಂಕಿಗಳು ಇನ್ನೊಂದು ಕತೆ ಹೇಳುತ್ತವೆ. 2001ರಲ್ಲಿ ಈ ಕಾನೂನಿನಡಿ 1,200ಕ್ಕೂ ಹೆಚ್ಚು ಜನರನ್ನು ಹೊರಹಾಕಿದರು. ಅಫ್ಘಾನಿಸ್ತಾನ, ಇರಾಕ್ ಯುದ್ಧಗಳು ಶುರುವಾಗಿ ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಸಲಿಂಗಿಗಳಿಂದ ತುಕಡಿಯ ಒಗ್ಗಟ್ಟು ಒಡೆಯುವುದೇ ನಿಜವಾಗಿದ್ದರೆ, ಅವರನ್ನು ಹುಡುಕಿ ತೆಗೆಯಬೇಕಿದ್ದದ್ದು ಗುಂಡು ಹಾರುವ ಹೊತ್ತಿನಲ್ಲೇ ಅಲ್ಲವೆ? ಆಗಲೇ ಕಣ್ಣು ಮುಚ್ಚಿಕೊಂಡರು. ಸ್ಟೋಯ್ಬೆನ್, ವಾಟ್ಕಿನ್ಸ್ ಇಬ್ಬರ ವಿಷಯದಲ್ಲೂ ಆದದ್ದು ಇದೇ.

ಎಲ್ಲ ಕಡೆ ಮುಚ್ಚಿಕೊಂಡರು ಎಂದಲ್ಲ. ಅರಬ್ಬೀ ಬಲ್ಲವರಿಗಾಗಿ ಸೇನೆ ಪರದಾಡುತ್ತಿದ್ದ 2002ರಲ್ಲೇ, ಕ್ಯಾಲಿಫೋರ್ನಿಯಾದ ಮಾಂಟರೇಯ ಸೇನಾ ಭಾಷಾ ಶಾಲೆಯಿಂದ ಅರಬ್ಬೀ ಕಲಿಯುತ್ತಿದ್ದ ಹಲವರನ್ನು ಹೊರಹಾಕಿದರು. 1994ರಿಂದ 2003ರವರೆಗೆ ಹೀಗೆ ಹೋದವರಲ್ಲಿ 322 ಮಂದಿ ಅರಬ್ಬೀ, ಫಾರ್ಸಿ, ಕೊರಿಯನ್‌ನಂಥ ಮುಖ್ಯ ಭಾಷೆಗಳಲ್ಲಿ ಪರಿಣತಿ ಇದ್ದವರು ಎಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ತಿಳಿಸಿತು.

2010ರ ಡಿಸೆಂಬರ್ 22ರಂದು ಬರಾಕ್ ಒಬಾಮ ರದ್ದತಿ ಕಾಯಿದೆಗೆ ಸಹಿ ಹಾಕಿದರು. 2011ರ ಸೆಪ್ಟೆಂಬರ್ 20ರಿಂದ ನಿಷೇಧ ಕೊನೆಗೊಂಡಿತು. ಅಷ್ಟು ಹೊತ್ತಿಗೆ 13,000ಕ್ಕೂ ಹೆಚ್ಚು ಜನ ಆ ಕಾನೂನಿಗೆ ಸೇವೆ ಕಳೆದುಕೊಂಡಿದ್ದರು. ದಶಕಗಳಿಂದ ಮುನ್ಸೂಚನೆ ಕೊಡುತ್ತಿದ್ದ ಅನಾಹುತ ಮಾತ್ರ ಆಗಲಿಲ್ಲ.

ಭಾರತದ ಸೈನಿಕರ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೆರೆದೇ ಇದೆ. 1950ರ ಸೇನಾ ಕಾಯಿದೆಯ 46ನೇ ಕಲಮು ಕ್ರೂರ, ಅಸಭ್ಯ ಅಥವಾ ‘ಅಸ್ವಾಭಾವಿಕ’ ನಡತೆಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ; ಆ ಪದಪುಂಜ 1881ರ ಬ್ರಿಟಿಷ್ ಸೇನಾ ಕಾಯಿದೆಯಿಂದ ಬಂದದ್ದು. ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ 377ನೇ ಕಲಮಿನಿಂದ ಹೊರಗಿಟ್ಟಿತು. 2019ರ ಜನವರಿಯಲ್ಲಿ, ಸೇನೆಯಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಆ ಕಲಮನ್ನೇ ಬರೆದುಕೊಟ್ಟ ಬ್ರಿಟನ್ 2000ದಲ್ಲೇ ತನ್ನ ನಿಷೇಧ ತೆಗೆದಿತ್ತು. 2023ರಲ್ಲಿ ಅಲ್ಲಿನ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆಯನ್ನೂ ಕೇಳಿದರು.

ಅಮೆರಿಕದಲ್ಲಿ ಕಾನೂನು ಹೋದ ಮೇಲೂ ಕಾಗದ ಉಳಿಯಿತು. ಈಗ ಅದರ ಹೆಸರು ಡಿಡಿ-214. ಗೌರವದಿಂದ ಬಿಡುಗಡೆಯಾದ ಅನೇಕರ ಪತ್ರದಲ್ಲೂ ‘ಕಾರಣ’ ಎಂಬ ಕಡೆ ಸಲಿಂಗಕಾಮ ಎಂದು ಬರೆದಿತ್ತು. ಕೆಲಸಕ್ಕೋ ಸಾಲಕ್ಕೋ ಅದನ್ನು ತೋರಿಸಿದರೆ ತಮ್ಮ ಖಾಸಗಿ ಬದುಕನ್ನು ಅಪರಿಚಿತನ ಮೇಜಿನ ಮೇಲೆ ಬಿಚ್ಚಿಟ್ಟಂತೆ. ಹಾಗಾಗಿ ಎಷ್ಟೋ ಜನ ಹಕ್ಕಿನ ಸೌಲಭ್ಯವನ್ನೇ ಕೇಳಲಿಲ್ಲ. ತಿದ್ದಿಸಿಕೊಳ್ಳಬೇಕಾದರೆ ಒಬ್ಬೊಬ್ಬರೇ ಅರ್ಜಿ ಹಾಕಿ, ದಾಖಲೆ ಹುಡುಕಿ ಕಾಯಬೇಕಿತ್ತು. 2024ರ ಅಕ್ಟೋಬರ್‌ನಲ್ಲಿ ರಕ್ಷಣಾ ಇಲಾಖೆ ತಾನಾಗಿಯೇ ಕಡತ ಪರಿಶೀಲಿಸಿ 800ಕ್ಕೂ ಹೆಚ್ಚು ಮಂದಿಯ ಪತ್ರವನ್ನು ಗೌರವದ ದರ್ಜೆಗೆ ಏರಿಸಿತು. ಅವರೆಲ್ಲ 1993ರ ಕಾನೂನಿನಡಿ ಹೋದವರು. ಅದಕ್ಕಿಂತ ಹಿಂದಿನವರು ಆ ಪಟ್ಟಿಯಲ್ಲಿರಲಿಲ್ಲ.

ಹಿಂದಿನವರ ಕಷ್ಟ ಏನೆಂಬುದಕ್ಕೆ ಕನೆಕ್ಟಿಕಟ್ ರಾಜ್ಯದ ಒಬ್ಬ ವೃದ್ಧರ ಅರ್ಜಿ ಸಾಕು. 1946ರಲ್ಲಿ ಸೇನೆ ಸೇರಿ ಟೆಕ್ಸಾಸ್‌ನ ನೆಲೆಯೊಂದರಲ್ಲಿ ಪಾದ್ರಿಯ ಸಹಾಯಕರಾಗಿದ್ದರು. ಹ್ಯಾಲೋವೀನ್ ವೇಷದ ಕೂಟಕ್ಕೆ ಬಟ್ಟೆ ಸೋಪಿನ ಜಾಹೀರಾತಿನ ಹೊಳೆಯುವ ವೇಷ ಹಾಕಿಕೊಂಡು ಹೋದರು. ಯಾರೋ ಅದನ್ನು ಹೆಣ್ಣುವೇಷವೆಂದು ದೂರಿತ್ತರು. ತನಿಖೆಯಾಗಿ 1948ರಲ್ಲಿ ‘ಅನಪೇಕ್ಷಿತ’ ಎಂದು ಹೊರಬಿದ್ದರು. ಇಳಿವಯಸ್ಸಿನಲ್ಲಿ, ತಾನು ಸತ್ತರೆ ಸೇನಾ ಗೌರವದಿಂದ ಮಣ್ಣಾಗಬೇಕೆಂದು ಅರ್ಜಿ ಹಾಕಿದರು. ದಾಖಲೆ ಇಲ್ಲವೆಂದು ವಾಯುಪಡೆ ತಿರಸ್ಕರಿಸಿತು. 1973ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕಚೇರಿಗೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಕಡತಗಳು ಬೂದಿಯಾಗಿದ್ದವು. ಅವರದೂ ಅದರಲ್ಲಿ ಹೋಗಿರಬೇಕು ಎಂಬುದು ವಾಯುಪಡೆಯ ಉತ್ತರ. ಹೊರಹಾಕಿದ ಕಾರಣ ಸುಟ್ಟುಹೋಗಿತ್ತು, ಹೊರಹಾಕಿದ್ದು ಮಾತ್ರ ಉಳಿದಿತ್ತು. ಮೊಕದ್ದಮೆ ಹೂಡಿದ ಮೇಲೆ, 2017ರ ಜನವರಿಯಲ್ಲಿ, ಅವರ ಬಿಡುಗಡೆಯನ್ನು ಗೌರವದ್ದೆಂದು ತಿದ್ದಿದರು. ಆಗ ಅವರಿಗೆ 91 ವರ್ಷ.